ಪೂರ್ವಪಕ್ಷದ ಕಾರ್ಡು

ಕೇಳಿ, ಅಚ್ಚಮ್ಮನಿಗೆ ಒಬ್ಬನೇ ಮಗ, ಶೇಷಣ್ಣ. ಹೇಳಿದ್ದನ್ನು ಹೇಳಿದ ಹಾಗೇ ಮಾಡುವ ಮಗ, ಅವಳ ದುಃಖವೂ ಅದೇ. ಮಗಳು ರುಕ್ಕುವಿಗೆ ಒಳ್ಳೆಯ ಸಂಬಂಧ ಬಂದಿತ್ತು. ಹುಡುಗಿಯ ವಿಚಾರ ಬರೆದು ತಿಳಿಸಿ ಎಂದು ಗಂಡಿನ ಕಡೆಯವರು ಕೇಳಿದ್ದರು. ಅಚ್ಚಮ್ಮನಿಗೆ ಓದುಬರಹ ಬಾರದು. ಆದರೂ ಮನೆಯ ಮಾತನ್ನು ಹೊರಗಿನವರ ಕೈಲಿ ಬರೆಸುವುದೇ ಇಲ್ಲ ಎಂದು ಹಠ ಹಿಡಿದಳು.

ಶೇಷಣ್ಣ ನಾಲ್ಕು ಹಾಳೆ ಬರೆದ. ತಲೆಯೂ ಇಲ್ಲ, ಬುಡವೂ ಇಲ್ಲ. ಅಚ್ಚಮ್ಮ ಅವನನ್ನು ಪಕ್ಕದ ಮನೆಯ ಅವಧಾನಿಗಳ ಹತ್ತಿರ ಎಳೆದುಕೊಂಡು ಹೋದಳು. ಅವರು ಪಾಠಶಾಲೆಯಲ್ಲಿ ತರ್ಕಶಾಸ್ತ್ರ ಹೇಳಿದವರು. ತರ್ಕ ನೆಟ್ಟಗಾದರೆ ಬರವಣಿಗೆ ತಾನೇ ನೆಟ್ಟಗಾಗುತ್ತದೆ, ಕಣ್ಣಾರೆ ಕಂಡದ್ದನ್ನು ಮಾತ್ರ ಬರಿ ಎಂದರು.

ಸರಿ, ಶೇಷಣ್ಣ ತಂಗಿಯ ಎದುರಿಗೆ ಕೂತು ಬರೆದ: "ರುಕ್ಕು ಮಲಗಿದ್ದಾಳೆ. ಬಾಯಿ ತೆರೆದಿದೆ. ಅಡುಗೆ ಬರುವುದು ಕಾಣುತ್ತಿಲ್ಲ." ಓದಿಸಿ ಕೇಳಿದ ಅಚ್ಚಮ್ಮ ಹರಿದು ಹಾಕಿದಳು.

ಅವಧಾನಿಗಳು ಬೈದರು. ಬೆಟ್ಟದ ಮೇಲೆ ಹೊಗೆ ಕಂಡರೆ ಬೆಂಕಿ ಇದೆ ಎಂದು ತಿಳಿಯುವುದಿಲ್ಲವೇ, ಹಾಗೆ ಕಾಣದ್ದನ್ನು ಊಹೆ ಮಾಡಿ ಬರಿ ಎಂದರು. ಶೇಷಣ್ಣ ಮತ್ತೆ ಕೂತ. ರುಕ್ಕು ಹಸಿ ಸೌದೆ ಇಟ್ಟು ಒಲೆ ಊದುತ್ತಿದ್ದಳು. ಅವನು ಬರೆದ: "ರುಕ್ಕುವಿನ ಕಣ್ಣಲ್ಲಿ ನೀರು. ಆದ್ದರಿಂದ ಈ ಮದುವೆ ಅವಳಿಗೆ ಇಷ್ಟವಿಲ್ಲ." ಅದೂ ಒಲೆಗೆ ಹೋಯಿತು.

ಅಚ್ಚಮ್ಮ ಬಿಡುವವಳಲ್ಲ, ಮತ್ತೆ ಕರೆದುಕೊಂಡು ಹೋದಳು. ಅವಧಾನಿಗಳು ಹಣೆ ಒತ್ತಿಕೊಂಡು ಕೊನೆಯ ಉಪದೇಶ ಮಾಡಿದರು.

"ಓದೋರಿಗೆ ಏನೇನು ಆಕ್ಷೇಪ ಬರಬಹುದೋ ಅದನ್ನೆಲ್ಲ ಮೊದಲು ನೀನೇ ಬರಿ. ಒಂದನ್ನೂ ಬಿಡಬೇಡ. ಅದು ಪೂರ್ವಪಕ್ಷ. ಆಮೇಲೆ ಒಂದೊಂದಾಗಿ ಖಂಡಿಸು. ಅದು ಸಿದ್ಧಾಂತ."

ಶೇಷಣ್ಣ ಒಂದು ಅಂಚೆ ಕಾರ್ಡು ತಂದು ಹಲ್ಲು ಕಚ್ಚಿ ಬರೆದ. ರುಕ್ಕುವಿನ ಮುಂಗೋಪ ಬರೆದ, ಗೊರಕೆ ಬರೆದ, ಸಾರಿಗೆ ಎರಡೆರಡು ಸಲ ಉಪ್ಪು ಹಾಕುವುದನ್ನೂ ಬರೆದ. ಹನ್ನೊಂದು ಆಕ್ಷೇಪಗಳಾದವು. ಅಮ್ಮನಿಗೆ ಇನ್ನೂ ತೊಂದರೆ ಕೊಡುವುದೇಕೆ ಎಂದು ತಾನೇ ಹೋಗಿ ಅಂಚೆ ಡಬ್ಬಿಗೆ ಹಾಕಿ ಬಂದ.

ಎಂಟು ದಿನಕ್ಕೆ ಉತ್ತರ ಬಂತು. ಶೇಷಣ್ಣ ಗಟ್ಟಿಯಾಗಿ ಓದಿದ: "ನೀವು ಬರೆದ ಹನ್ನೊಂದು ಮಾತಿಗೂ ಎದುರು ಹೇಳಲು ನಮಗೆ ತೋಚಲಿಲ್ಲ. ಬೇರೆ ಕಡೆ ಹೆಣ್ಣು ಗೊತ್ತುಮಾಡಿದ್ದೇವೆ."

ಅಚ್ಚಮ್ಮನ ಎದೆ ಒಡೆದುಹೋಯಿತು. "ಅಯ್ಯೋ, ಆ ಸಿದ್ಧಾಂತ ಏನಾಯ್ತೋ?"

"ಕಾರ್ಡು ತುಂಬಿಹೋಯ್ತಮ್ಮ, ಜಾಗ ಇರ್ಲಿಲ್ಲ" ಎಂದ ಶೇಷಣ್ಣ, ಉತ್ತರವನ್ನು ಎತ್ತಿ ಹಿಡಿದುಕೊಂಡು ಅವಧಾನಿಗಳ ಮನೆಗೆ ಓಡಿದ. ಅವನು ಬರೆದದ್ದು ಓದಿದವರಿಗೆ ಪೂರ್ತಿ ಅರ್ಥವಾಗಿದ್ದು ಅದೇ ಮೊದಲು.