ಸಮುದ್ರದ ಕಡೆಯ ಕೋಣೆ

ಬಾಗಲಕೋಟೆ ಕಡೆಯ ಒಂದು ಜನಪದ ಹಾಡಿನ ತಂಡ ಗೋಕರ್ಣಕ್ಕೆ ಹೊರಟಿತ್ತು. ಇದ್ದ ದುಡ್ಡಿಗೆ ಅಲ್ಲಿನ ಲಾಡ್ಜಿನಲ್ಲಿ ಸಿಗುತ್ತಿದ್ದದ್ದು ಒಂದು ಹಾಲ್, ಸಮುದ್ರ ಕಾಣುವ ಒಂದೇ ಕೋಣೆ.

"ಕೋಣಿ ನನಗ ಇರಲಿ. ನಾನು ಅಧ್ಯಕ್ಷ," ಎಂದರು ಸಂಗನಗೌಡರು.

ಲಾಡ್ಜಿಗೆ ಪತ್ರ ಬರೆಯಲು ಕೂತಿದ್ದ ಗುಮಾಸ್ತ ದುಂಡಪ್ಪನಿಗೆ ಹಾಡುಗಾರ್ತಿ ನೀಲವ್ವನ ಚಿಂತೆ. ಎಪ್ಪತ್ತಾರು ವರ್ಷ, ಮಂಡಿನೋವು. ಹಾಲ್‌ನಲ್ಲಿ ನೆಲದ ಮೇಲೆ ಮಲಗಿದರೆ ಆಕೆ ಬೆಳಿಗ್ಗೆ ಏಳುವುದೇ ಕಷ್ಟ.

"ಹಂಗ ಬರದ್ರ ಮಂದಿ ಆಡ್ಕೋತಾರ್ರೀ. 'ಕೋಣೆ ತಂಡದ ಅತಿ ಹಿರಿಯರಿಗೆ' ಅಂತ ಬರೀತೀನಿ," ಎಂದ ವಿನಯದಿಂದ. ಗೌಡರು ಖುಷಿಯಿಂದ ಸಹಿ ಹಾಕಿದರು.

ಲಾಡ್ಜಿನಲ್ಲಿ ದುಂಡಪ್ಪ ಆ ಪತ್ರವನ್ನು ಎಲ್ಲರೆದುರು ಗಟ್ಟಿಯಾಗಿ ಓದಿದ. ಮ್ಯಾನೇಜರ್ ಎಲ್ಲರ ಆಧಾರ್ ಕಾರ್ಡ್ ನೋಡಿ, ಕೀಲಿಯನ್ನು ನೀಲವ್ವನ ಕೈಗಿಟ್ಟ.

ಗೌಡರ ಮುಖ ಕೆಂಪಾಯಿತು. "ಹಿರಿಯರು ಅಂದ್ರ ನಾನಲ್ಲೇನಲೇ?"

"ನಿಮಗೆಲ್ಲಿ ವಯಸ್ಸಾಗೇತ್ರೀ ಗೌಡ್ರ? ಕೂದಲ ಇನ್ನೂ ಹೆಂಗ ಕರ್ರಗ ಅದಾವ ನೋಡ್ರಿ!" ಎಂದ ದುಂಡಪ್ಪ.

ಗೌಡರು ಬಣ್ಣ ಹಚ್ಚಿದ ತಲೆಯನ್ನು ಸವರಿಕೊಂಡರು. ಅಷ್ಟರಲ್ಲಿ ನೀಲವ್ವ ಬಗ್ಗಿ ತನ್ನ ಗಂಟು ಎತ್ತಲು ಒದ್ದಾಡುತ್ತಿದ್ದಳು. ಅದನ್ನು ಕಂಡು ಅವರೇ ಗಂಟು ಹೊತ್ತು, ಆಕೆಯನ್ನು ಕೋಣೆಗೆ ಕರೆದೊಯ್ದು ಕಿಟಕಿ ತೆರೆದರು.

ನೀಲವ್ವ ಸಮುದ್ರ ನೋಡಿದ್ದು ಅದೇ ಮೊದಲು.

"ಇಷ್ಟೂ ನೀರು ಯಾರದ್ರೀ ಗೌಡ್ರ?"

ಅಧ್ಯಕ್ಷರು ಹೊತ್ತಿದ್ದ ಗಂಟನ್ನು ಕೆಳಗಿಟ್ಟರು. ಆಕೆಯ ಪಕ್ಕ ಕೂತು ಅವರೂ ನೋಡತೊಡಗಿದರು.