ಬೋರಕ್ಕನ ಹೋಳಿಗೆಗೆ ಬೆಲ್ಲ ಸಾಲದಂತೆ

ಒಂದು ಕಾಡಿನಲ್ಲಿ ಬೋರಕ್ಕ ಎಂಬ ಕರಡಿ ಇದ್ದಳು. ಹುಣ್ಣಿಮೆಯ ಊಟಕ್ಕೆ ಸಿಹಿ ಮಾಡುವವಳು ಅವಳೇ. ಆ ಕಾಡಿನಲ್ಲೊಂದು ಕಟ್ಟುಪಾಡಿತ್ತು. ಅಡುಗೆ ಮಾಡಿದವರು ಎಲ್ಲರಿಗೂ ಬಡಿಸುವ ತನಕ ಅದನ್ನು ನಾಲಿಗೆಗೆ ಮುಟ್ಟಿಸಬಾರದು. ಜೇನು ಕಂಡರೆ ಪ್ರಾಣ ಬಿಡುವ ಕರಡಿಗೆ ಇದೆಷ್ಟು ಕಷ್ಟ, ನೀವೇ ಯೋಚಿಸಿ. ಆದರೂ ಬೋರಕ್ಕ ಒಂದು ದಿನವೂ ತಪ್ಪಿದವಳಲ್ಲ.

ಇದನ್ನು ಕಂಡ ನರಿ ಹಲ್ಲು ಕಿರಿಯುತ್ತ ಬಂದ. "ಅಕ್ಕಾ, ನೀನಂತೂ ರುಚಿ ನೋಡೋ ಹಾಗಿಲ್ಲ. ನಿನ್ನ ಬದಲು ನಾನು ನೋಡ್ತೀನಿ" ಎಂದ. ಬೋರಕ್ಕ ಒಪ್ಪಿದಳು. ಅಲ್ಲಿಂದ ಶುರುವಾಯಿತು ಗ್ರಹಚಾರ. ಗಸಗಸೆ ಪಾಯಸ ಮಾಡಿದರೆ ಹಸಿ ವಾಸನೆ ಎಂದ. ಹಯಗ್ರೀವ ಮಾಡಿದರೆ ಬೇಳೆ ಬೆಂದಿಲ್ಲ ಎಂದ. "ತಿಂದವರಿಗೆ ಹೊಟ್ಟೆ ಕೆಟ್ಟೀತು, ನಾನೇ ದೂರ ಚೆಲ್ಲಿ ಬರ್ತೀನಿ" ಎಂದು ಪಾತ್ರೆ ಸಮೇತ ಹೊತ್ತುಕೊಂಡು ಹೋದ. ಕಾಡಿಗೆ ಹಿರಿಯಳಾದ ಆನೆಯಜ್ಜಿಗೂ ಬೇಸರವಾಯಿತು. "ಬೋರಿ, ಇನ್ನೊಂದು ಸಲ ಕೆಟ್ಟರೆ ಸೌಟು ಬೇರೆಯವರಿಗೆ ಕೊಡಬೇಕಾಗುತ್ತೆ ಕಣೇ" ಎಂದಳು.

ಬೋರಕ್ಕನಿಗೆ ಮೊದಲು ತನ್ನ ಕೈಯ ಮೇಲೆಯೇ ಅನುಮಾನ ಬಂತು. ವಯಸ್ಸಾಯಿತೇನೋ, ಮೂಗು ಮಂಕಾಯಿತೇನೋ ಎಂದು ಒಳಗೊಳಗೇ ಅತ್ತಳು. ಆಮೇಲೆ ಅನುಮಾನ ನರಿಯ ಕಡೆ ತಿರುಗಿತು. ಕೆಟ್ಟ ಪಾಯಸ ಕುಡಿದವನು ಮೀಸೆ ಯಾಕೆ ನೆಕ್ಕಬೇಕು? ಚೆಲ್ಲಲು ಹೋದವನು ತೇಗುತ್ತ ಯಾಕೆ ಬರಬೇಕು?

ಮುಂದಿನ ಹುಣ್ಣಿಮೆಗೆ ಹೋಳಿಗೆ ಮಾಡಿದಳು. ನರಿ ಒಂದು ತಿಂದ. "ಒಂದರಲ್ಲಿ ಗೊತ್ತಾಗ್ತಿಲ್ಲ" ಎಂದು ಇನ್ನೊಂದು ತಿಂದ, ಮತ್ತೊಂದು ತಿಂದ. ಮೀಸೆಗೆಲ್ಲ ಹೂರಣ, ಕಾಲಿಗೆಲ್ಲ ತುಪ್ಪ. ಕೊನೆಗೆ ಮುಖ ಕಿವುಚಿ, "ಬೆಲ್ಲವೇ ಇಲ್ಲ ಅಕ್ಕ. ಬೂದಿ ತಿಂದ ಹಾಗಿದೆ" ಎಂದ.

"ಹಾಗಾದ್ರೆ ಇರುವೆನೂ ಮೂಸಲ್ಲ ಅನ್ನು."

"ಖಂಡಿತ ಮೂಸಲ್ಲ" ಎಂದ ನರಿ, ಹೇಳುತ್ತಲೇ ಮೀಸೆ ಒರೆಸಿಕೊಂಡ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ. ಬೋರಕ್ಕ ಅದನ್ನು ಕಂಡಳು. ಹೋಳಿಗೆಯ ಬುಟ್ಟಿಯನ್ನು ಇರುವೆಗೆ ಎಟುಕದಂತೆ ಹಳ್ಳದ ನೀರಿನ ನಡುವೆ ಬಂಡೆಯ ಮೇಲಿಟ್ಟಳು.

"ಈ ಮಾತನ್ನ ನೀನೇ ಅಜ್ಜಿಗೆ ಹೇಳಪ್ಪ. ಅವರು ಬರೋ ತನಕ ಆ ಮಾವಿನ ಮರದ ನೆರಳಲ್ಲಿ ಕೂತಿರು" ಎಂದಳು.

ಆ ಮರದ ತುಂಬ ಕೆಂಜಿಗ ಇರುವೆಯ ಗೂಡು. ಬೋರಕ್ಕನಿಗೆ ಅದು ಗೊತ್ತಿತ್ತು, ನರಿಗೆ ಗೊತ್ತಿರಲಿಲ್ಲ. ಇರುವೆ ಬಾರದಿದ್ದರೆ ತಪ್ಪು ತನ್ನದೇ, ಸೌಟು ಬಿಟ್ಟುಕೊಟ್ಟುಬಿಡುವುದು ಎಂದು ಅವಳು ಉಸಿರು ಹಿಡಿದು ಕಾದಳು.

ಆನೆಯಜ್ಜಿ ಬರುವುದಕ್ಕೂ ಒಂದು ಇರುವೆ ನರಿಯ ಕಾಲು ಹತ್ತುವುದಕ್ಕೂ ಸರಿಹೋಯಿತು. ಅದರ ಹಿಂದೆ ಸಾಲು ಹಿಡಿದು ಅದರ ಬಳಗ. ಕೊಡವಿಕೊಂಡರೆ ಹೇಳಿದ ಮಾತು ಸುಳ್ಳಾಗುತ್ತದೆ, ಕೊಡವದಿದ್ದರೆ ಚರ್ಮ ಹೋಗುತ್ತದೆ. ಬಿಸಿ ತುಪ್ಪ, ನುಂಗುವಂತಿಲ್ಲ, ಉಗುಳುವಂತಿಲ್ಲ.

"ಯಾಕೋ, ಕಣ್ಣಲ್ಲಿ ನೀರು?" ಎಂದು ಅಜ್ಜಿ ಕೇಳಿದಳು.

"ಏನಿಲ್ಲ ಅಜ್ಜಿ... ಹೋಳಿಗೆ ಈ ಸಲವೂ ಕೆಟ್ಟಿತಲ್ಲ... ಅದೇ ದುಃಖ."

ಅಷ್ಟರಲ್ಲಿ ಮೀಸೆಯಲ್ಲಿ ಉಳಿದಿದ್ದ ಹೂರಣಕ್ಕೆ ಇರುವೆಗಳೆಲ್ಲ ಒಟ್ಟಿಗೆ ಮುತ್ತಿದವು. ನರಿ ಊಳಿಡುತ್ತ ನೆಲಕ್ಕೆ ಬಿದ್ದು ಹೊರಳಿದ. "ಅಕ್ಕಾ, ನೀರು ಹಾಕೇ. ಈ ಸಿಹಿ ತೊಳೆಯೇ" ಎಂದು ಗೋಗರೆದ.

"ಯಾವ ಸಿಹಿಯೋ?" ಎಂದಳು ಬೋರಕ್ಕ.

ಆನೆಯಜ್ಜಿಗೆ ಎಲ್ಲವೂ ಅರ್ಥವಾಯಿತು. ಸೊಂಡಿಲಲ್ಲಿ ನೀರೆಳೆದು ನರಿಯ ಮೇಲೆ ಸುರಿದಳು. "ಇನ್ನು ಮೇಲೆ ನಿನಗೆ ಈ ಊಟದಲ್ಲಿ ಎಲೆಯಿಲ್ಲ, ನಡಿ" ಎಂದು ಅಟ್ಟಿದಳು. ನರಿ ಊದಿದ ಮೂತಿ ಹೊತ್ತು ಓಡಿದ.

ಅಂದು ಎಲ್ಲರೂ ಹೊಟ್ಟೆ ತುಂಬ ಹೋಳಿಗೆ ತಿಂದರು. ಕಡೆಯಲ್ಲಿ ಬೋರಕ್ಕ ಒಂದು ಚೂರು ಮುರಿದು ಬಾಯಿಗಿಟ್ಟಳು. ನಿಧಾನವಾಗಿ ಅಗಿದಳು.

"ಹೇಗಿದೆಯೇ?" ಎಂದು ಅಜ್ಜಿ ಕೇಳಿದಳು.

"ಬೆಲ್ಲ ಒಂದು ಕೈ ಜಾಸ್ತಿಯೇ ಆಗಿದೆ ಅಜ್ಜಿ" ಎಂದು ಬೋರಕ್ಕ ಇನ್ನೊಂದು ಹೋಳಿಗೆಗೆ ಕೈ ಚಾಚಿದಳು.

ನೀತಿ: ತಾನು ಕಬಳಿಸಲೆಂದು ಹಳಿಯುವವನ ಮಾತು ಕೇಳಿ, ನಮ್ಮ ಕೈಯ ಮೇಲಿನ ನಂಬಿಕೆ ಕಳೆದುಕೊಳ್ಳಬಾರದು.