ಹುತ್ತಕ್ಕೆ ಜಗಳ, ಬಾಲಕ್ಕೆ ಪೆಟ್ಟು

ಗುಂಡುಕಲ್ಲು ಗುಡ್ಡದ ಈಚೆಗೆ ಒಂದು ಕುರುಚಲು ಕಾಡು. ಕಾಡಿನ ನಡುವೆ ಕೊಳ, ಕೊಳದ ದಂಡೆಯಲ್ಲಿ ಒಂದು ಮುದಿ ಹುಣಸೆಮರ. ಮರದ ಮೇಲೆ ಕರಿಮುಖದ ಮುಸುವಗಳ ಸಂಸಾರ, ಮರದ ಕೆಳಗೆ ಚುಕ್ಕೆ ಜಿಂಕೆಗಳ ಹಿಂಡು. ಮುಸುವಗಳ ಯಜಮಾನ ಬಾಲಣ್ಣ. ಅವನ ಬಾಲ ಎಷ್ಟು ಉದ್ದವೆಂದರೆ, ಅವನು ಬಂದು ಕೂತ ಮೇಲೂ ಬಾಲ ಇನ್ನೂ ಬರುತ್ತಲೇ ಇರುತ್ತಿತ್ತು. ಜಿಂಕೆಗಳಿಗೆ ಹಿರಿಯಳು ಬೊಟ್ಟಕ್ಕ.

ಮಕ್ಕಳೇ, ಈ ಎರಡು ಮನೆಯವರ ನಡುವೆ ಅಜ್ಜಂದಿರ ಕಾಲದಿಂದ ಒಂದು ಪದ್ಧತಿ ನಡೆದು ಬಂದಿತ್ತು. ಕಣ್ಣು ಮರದ್ದು, ಮೂಗು ನೆಲದ್ದು. ದೂರದಲ್ಲಿ ಚಿರತೆ ಕಂಡರೆ ಮುಸುವ ಮೇಲಿನಿಂದ ಖಕ್ ಎಂದು ಕೆಮ್ಮಬೇಕು, ಜಿಂಕೆಗಳು ಓಡಬೇಕು. ಪೊದೆಯಲ್ಲಿ ಅಡಗಿದ ಚಿರತೆ ಮೇಲಿನವರಿಗೆ ಕಾಣುವುದಿಲ್ಲ. ಆಗ ವಾಸನೆ ಹಿಡಿದ ಜಿಂಕೆ ಕಾಲು ಬಡಿದು ಕೂಗಬೇಕು, ಮುಸುವಗಳು ಮರ ಹತ್ತಬೇಕು. ಈ ಏರ್ಪಾಟಿನಿಂದಾಗಿ ಆ ಕಾಡಿನ ಚಿರತೆ, ಪಾಪ, ಏಡಿ ಹಿಡಿದು ತಿನ್ನುವ ಸ್ಥಿತಿಗೆ ಬಂದಿತ್ತು.

ಹೀಗಿರುವಾಗ ಗುಡ್ಡದ ಆಚೆ ಯುದ್ಧ ಶುರುವಾಯಿತು. ಮುಂಗುಸಿಗೂ ಮುಳ್ಳುಹಂದಿಗೂ, ಒಂದು ಹಾಳು ಹುತ್ತಕ್ಕಾಗಿ. ಮುಂಗುಸಿ ಅದರಲ್ಲಿ ಒಂದು ದಿನವೂ ಮಲಗಿದ್ದಿಲ್ಲ. ಮುಳ್ಳುಹಂದಿಗಂತೂ ಅದರ ಬಾಯಲ್ಲಿ ಮೈ ತೂರುವುದೇ ಇಲ್ಲ. ಆದರೂ ಇಬ್ಬರಿಗೂ ಅದೇ ಬೇಕು. ಮೊದಲು ಕೈ ಮಾಡಿದವರು ಯಾರೆಂದು ಕೇಳಿದರೆ ಇಬ್ಬರೂ ಎದುರಿನವರತ್ತ ಬೆರಳು ತೋರಿಸುತ್ತಿದ್ದರು.

ಊರಿಗೆ ಬಂದ ಜಗಳ ನೀರಿಗೆ ಬಾರದೆ ಇದ್ದೀತೆ? ಕೆನ್ನೆಗೆ ಮುಳ್ಳು ಚುಚ್ಚಿಸಿಕೊಂಡ ಮುಂಗುಸಿ ಹುಣಸೆಮರದ ಬುಡಕ್ಕೆ ಬಂದ. ಇಷ್ಟು ವರ್ಷ ಈ ಮರಕ್ಕೆ ಹಾವು ಹತ್ತದಂತೆ ಕಾದವನು ತಾನಲ್ಲವೇ ಎಂದು ಕೇಳಿದ. ಅಷ್ಟು ದೂರದಿಂದ ತನ್ನನ್ನು ಹುಡುಕಿಕೊಂಡು ಬಂದನಲ್ಲ ಎಂದು ಬಾಲಣ್ಣ ಉಬ್ಬಿಹೋದ. ಹಿಂದೆಮುಂದೆ ಕೇಳದೆ, "ನೀನು ನಮ್ಮವನು" ಎಂದುಬಿಟ್ಟ.

ಮುಳ್ಳುಹಂದಿ ಸುಮ್ಮನಿರುತ್ತಾನೆಯೇ? ಅವನು ಬೊಟ್ಟಕ್ಕನ ಬಳಿ ಹೋದ. ತಾನು ಅಗೆದ ಗೆಡ್ಡೆಯಲ್ಲಿ ಪಾಲು ತಿಂದವರು ಈಗ ತನ್ನ ಕೈ ಬಿಡಬಾರದು ಎಂದ. ಉಪ್ಪು ತಿಂದ ಋಣ ಎಂದು ಬೊಟ್ಟಕ್ಕ ತಲೆಯಾಡಿಸಿದಳು. ಮೊಲಗಳು ಅತ್ತ ಹೋದವು, ನವಿಲುಗಳು ಇತ್ತ ಬಂದವು. ಆಮೆಯನ್ನು ಕೇಳಿದಾಗ ಅವನು ತಲೆಯನ್ನು ಚಿಪ್ಪಿನೊಳಗೆ ಎಳೆದುಕೊಂಡ. ಆಮೆ ತಮ್ಮವನೇ ಎಂದು ಎರಡು ಕಡೆಯವರೂ ಹೇಳಿಕೊಂಡು ತಿರುಗಿದರು.

ಅಲ್ಲಿಗೆ ಮುಗಿದಿದ್ದರೆ ಚೆನ್ನಾಗಿತ್ತು. ಮುಂಗುಸಿ ಮುಂದೆ ದೊಡ್ಡಸ್ತಿಕೆ ತೋರಿಸಲು ಬಾಲಣ್ಣ, ಮುಳ್ಳುಹಂದಿಯ ಕಡೆಯವರಿಗೆ ಇನ್ನು ಮೇಲೆ ಖಕ್ ಇಲ್ಲ ಎಂದು ಸಾರಿದ. ಬೊಟ್ಟಕ್ಕನಿಗೆ ಇದು ಚುರುಕ್ಕೆಂದಿತು. ಹಾಗಿದ್ದರೆ ತಮ್ಮ ಮೂಗೂ ತಮ್ಮದೇ ಎಂದು ಹಿಂಡನ್ನು ಕರೆದುಕೊಂಡು ಕೊಳದ ಆಚೆ ದಂಡೆಗೆ ಹೋಗಿಬಿಟ್ಟಳು.

ಬಾಲಣ್ಣನ ಮೊಮ್ಮಗಳು ಪುಟ್ಟಿಗೆ ಇದೊಂದೂ ಅರ್ಥವಾಗಲಿಲ್ಲ. ಅವಳು ನಡೆಯುವುದನ್ನು ಕಲಿಯುವ ಮೊದಲೇ ಬೊಟ್ಟಕ್ಕನ ಬೆನ್ನ ಮೇಲೆ ಕೂತು ಕೊಳ ಸುತ್ತಿದ್ದವಳು. "ತಾತ, ಬೊಟ್ಟಜ್ಜಿ ಯಾಕೆ ಬರಲ್ಲ?" ಎಂದು ಕೇಳಿದಳು. ಅದೆಲ್ಲ ದೊಡ್ಡವರ ವ್ಯವಹಾರ ಎಂದ ತಾತ. ದೊಡ್ಡವರು ಉತ್ತರ ಗೊತ್ತಿಲ್ಲದಾಗ ಹೇಳುವ ಮಾತು ಅದು, ನಿಮಗೆ ಗೊತ್ತೇ ಇದೆ.

ಇದನ್ನೆಲ್ಲ ಚಿರತೆ ನೋಡುತ್ತಿತ್ತು. ಏಡಿ ತಿಂದು ತಿಂದು ಅದಕ್ಕೂ ಸಾಕಾಗಿತ್ತು.

ಒಂದು ಸುಡುಬಿಸಿಲಿನ ಮಧ್ಯಾಹ್ನ ಮುಸುವಗಳಿಗೆ ಬಾಯಾರಿತು. ಬಾಲಣ್ಣ ತುದಿಕೊಂಬೆಯಿಂದ ನಾಲ್ಕೂ ಕಡೆ ನೋಡಿ, ಏನೂ ಇಲ್ಲ, ಇಳಿಯಿರಿ ಎಂದು ತಾನೂ ಇಳಿದ. ನೀರಂಚಿನ ಜೊಂಡಿನೊಳಗೆ ಹೊಟ್ಟೆ ನೆಲಕ್ಕಂಟಿಸಿ ಮಲಗಿದ್ದ ಚಿರತೆ ಅವನ ಕಣ್ಣಿಗೆ ಹೇಗೆ ಕಾಣಬೇಕು? ಎಲ್ಲರಿಗಿಂತ ಮುಂದೆ ಪುಟ್ಟಿ ಕುಪ್ಪಳಿಸುತ್ತ ಜೊಂಡಿನ ಕಡೆಗೇ ಹೊರಟಳು.

ಆಗ ಗಾಳಿ ತಿರುಗಿತು. ಆಚೆ ದಂಡೆಯಲ್ಲಿ ಬೊಟ್ಟಕ್ಕನ ಮೂಗು ಅರಳಿತು. ಮುಳ್ಳುಹಂದಿ ಪಕ್ಕದಲ್ಲೇ ಇದ್ದ. "ಸುಮ್ಮನಿರಕ್ಕ, ಅವರು ನಮ್ಮವರಲ್ಲ" ಎಂದ.

"ವಾಸನೆ ಬಂದ ಮೇಲೆ ಯಾರು ನಮ್ಮವರು ಅಂತ ಕೇಳ್ತಾ ಕೂರೋಕಾಗಲ್ಲ ಕಣಪ್ಪ" ಎಂದವಳೇ ಬೊಟ್ಟಕ್ಕ ಕಾಲು ಬಡಿದು ಕೂಗಿದಳು.

ಕೂಗು ಕೊಳ ದಾಟಿ ಬಂತು. ಬಾಲಣ್ಣ ನಕ್ಕ. "ನಾವು ನೀರು ಕುಡಿಯದ ಹಾಗೆ ಮಾಡೋ ಹೂಟ ಇದು. ಯಾರೂ ಅಲ್ಲಾಡಬೇಡಿ" ಎಂದು ತನ್ನವರಿಗೆ ಹೇಳಿ, ಬಾಲವನ್ನು ನೀರಂಚಿಗೆ ಚಾಚಿ ಠೀವಿಯಿಂದ ಕೂತ.

ಪುಟ್ಟಿಗೆ ಹೂಟ ಗೊತ್ತಿರಲಿಲ್ಲ. ಅವಳಿಗೆ ಗೊತ್ತಿದ್ದದ್ದು ಒಂದೇ, ಬೊಟ್ಟಜ್ಜಿ ಕೂಗಿದರೆ ಮರ ಹತ್ತಬೇಕು. ಅವಳು ತಿರುಗಿ ಓಡಿದಳು. ಅವಳನ್ನು ನೋಡಿ ಉಳಿದ ಮರಿಗಳೂ, ಮರಿಗಳನ್ನು ನೋಡಿ ತಾಯಂದಿರೂ ಓಡಿದರು. ಚಿರತೆ ಹಾರಿದಾಗ ದಂಡೆಯಲ್ಲಿ ಉಳಿದಿದ್ದವನು ಬಾಲಣ್ಣ ಒಬ್ಬನೇ. ಅವನೂ ಮರ ಸೇರಿದ. ಬಾಲದಲ್ಲಿ ಅರ್ಧ ಮಾತ್ರ ಸೇರಲಿಲ್ಲ.

ಸಂಜೆಗೆ ಮುಂಗುಸಿ ಬಂದ. ಬಾಲ ನೋಡಿ ಅಯ್ಯೋ ಎಂದ. ಆಮೇಲೆ ತಲೆ ತಗ್ಗಿಸಿ ಇನ್ನೊಂದು ಸುದ್ದಿ ಹೇಳಿದ. ತಾನೂ ಮುಳ್ಳುಹಂದಿಯೂ ತಂತಮ್ಮ ಪಕ್ಷ ಕಟ್ಟುತ್ತ ತಿರುಗುವಾಗ ಹುತ್ತಕ್ಕೆ ಒಂದು ಉಡ ಬಂದು ಸೇರಿಕೊಂಡಿದೆಯಂತೆ, ಮೊಟ್ಟೆಯನ್ನೂ ಇಟ್ಟಿದೆಯಂತೆ.

ಮರುದಿನ ಬಾಲಣ್ಣ ಕೊಳ ಸುತ್ತಿ ಆಚೆ ದಂಡೆಗೆ ಹೋದ. ತಂದಿದ್ದ ಹುಣಸೆ ಚಿಗುರನ್ನು ಬೊಟ್ಟಕ್ಕನ ಮುಂದಿಟ್ಟು ನಿಂತ. ಬೊಟ್ಟಕ್ಕ ಅವನ ಬಾಲದ ಕಡೆ ನೋಡದೆ, "ಪುಟ್ಟಿ ನೀರು ಕುಡಿದಳಾ?" ಎಂದು ಕೇಳಿದಳು. ಇಲ್ಲ, ನಿನ್ನೆಯಿಂದ ಯಾರೂ ಇಳಿದಿಲ್ಲ ಎಂದ ಬಾಲಣ್ಣ.

"ಹಾಗಾದ್ರೆ ನಡಿ. ಚಿಗುರು ಆಮೇಲೆ ತಿನ್ನೋಣ. ನೀನು ಮೇಲೆ ನೋಡು, ನಾನು ಗಾಳಿ ನೋಡ್ತೀನಿ."

ಪುಟ್ಟಿ ಹೊಟ್ಟೆ ತುಂಬ ನೀರು ಕುಡಿದಳು. ಆದರೆ ಜಿಂಕೆಗಳೆಲ್ಲ ಹಿಂದಕ್ಕೆ ಬರಲಿಲ್ಲ ಮಕ್ಕಳೇ, ಕೆಲವು ಇಂದಿಗೂ ಆಚೆ ದಂಡೆಯಲ್ಲೇ ಇವೆ. ಮೊಲಗಳು ನವಿಲುಗಳ ಜತೆ ಮಾತಾಡುವುದಿಲ್ಲ. ಕೋಪದಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬಂದೀತೇ ಎನ್ನುತ್ತಾರಲ್ಲ, ಬಾಲಕ್ಕೂ ಅದೇ ನ್ಯಾಯ. ಆಮೆ ಮಾತ್ರ ತಲೆ ಹೊರಹಾಕಿ, ಯುದ್ಧ ಮುಗಿಯಿತೇ ಎಂದು ಕೇಳಿದ.

ನೀತಿ: ನೆರೆಯವರ ಜಗಳದಲ್ಲಿ ಯಾರ ಪಕ್ಷವನ್ನಾದರೂ ಹಿಡಿಯಿರಿ, ಎಲ್ಲರನ್ನೂ ಕಾಯುವ ಕೂಗನ್ನು ಮಾತ್ರ ಪಾಲು ಮಾಡಬೇಡಿ.